ಹಳ್ಳಿಯ ಸರ್ಕಾರಿ ಶಾಲೆಗೆ ವಿದೇಶಿ ಸ್ವಯಂಸೇವಕಿ ಬರುತ್ತಿದ್ದಾರೆ: ಅವರ ದಿನನಿತ್ಯದ ಬದುಕಿಗೆ ನಾವು ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಪೊನ್ನಂಪೇಟೆ ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೇನೆ. ಒಂದರಿಂದ ಏಳನೆಯ ತರಗತಿಯವರೆಗೆ ಒಟ್ಟು 46 ಮಕ್ಕಳಿದ್ದಾರೆ. ಪಾಠ ಮಾಡಲು ಅತಿಥಿ ಶಿಕ್ಷಕರೊಬ್ಬರನ್ನೂ ಸೇರಿಸಿ ನಾವು ಮೂವರಿದ್ದೇವೆ. ಹೆಚ್ಚಿನ ಮಕ್ಕಳು ಕಾಫಿ ತೋಟಗಳ ಲೈನ್ ಮನೆಗಳಿಂದಲೂ (ಕಾರ್ಮಿಕರ ಸಾಲುಮನೆಗಳು) ಹತ್ತಿರದ ಹಾಡಿಯಿಂದಲೂ (ಬುಡಕಟ್ಟು ಜನರ ವಸತಿ) ಬರುವವರು. ಮನೆಯಲ್ಲಿ ಕೆಲವರದು ಎರವ ಭಾಷೆ, ಕೆಲವರದು ಜೇನುಕುರುಬರ ನುಡಿ, ಇನ್ನು ಕೆಲವರದು ಮಲಯಾಳ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಇಬ್ಬರು ಮಕ್ಕಳೂ ಇದ್ದಾರೆ. ಇವರಲ್ಲಿ ಅನೇಕರಿಗೆ ಕನ್ನಡವೇ ಶಾಲೆಗೆ ಬಂದ ಮೇಲೆ ಕಲಿತ ಭಾಷೆ.

ಒಂದು ಸ್ವಯಂಸೇವಾ ಸಂಸ್ಥೆಯವರು ಜರ್ಮನಿಯ 23 ವರ್ಷದ ಯುವತಿಯೊಬ್ಬರನ್ನು ಜೂನ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ ನಮ್ಮ ಶಾಲೆಗೆ ಕಳುಹಿಸುವುದಾಗಿ ಹೇಳಿದ್ದಾರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದಿದ್ದೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಬಹಳ ಸಂತೋಷವಾಗಿದೆ. ಎಲ್ಲ ತರಗತಿಗಳಿಗೂ ಅವರಿಂದಲೇ ಇಂಗ್ಲಿಷ್ ಪಾಠ ಮಾಡಿಸಬೇಕು, ಹಾಗಾದರೆ ಖಾಸಗಿ ಶಾಲೆಯ ಬಸ್ಸು ಹತ್ತುವ ಮಕ್ಕಳು ಮರಳಿ ಬರುತ್ತಾರೆ ಎಂಬುದು ಅವರ ಆಸೆ. ಆ ಆಸೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ನನಗೆ ಒಂದು ಹಳೆಯ ಅನುಭವವಿದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಗೆ ವಿದೇಶದ ಯುವಕರೊಬ್ಬರು ಮೂರು ವಾರಕ್ಕೆಂದು ಬಂದಿದ್ದರು. ಒಳ್ಳೆಯವರು, ಹಾಡು ಕಲಿಸಿದರು, ಗೋಡೆಗೆ ಬಣ್ಣ ಬಳಿದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದರು, ಒಂದು ಶುಕ್ರವಾರ ಹೊರಟುಹೋದರು. ಸೋಮವಾರ ಬೆಳಿಗ್ಗೆ ಎರಡನೆಯ ತರಗತಿಯ ಮಗುವೊಂದು ಗೇಟಿನ ಬಳಿ ಚೀಲ ಹಿಡಿದು ನಿಂತುಬಿಟ್ಟಿತು, ಪ್ರಾರ್ಥನೆಗೂ ಒಳಗೆ ಬರಲಿಲ್ಲ. ಅಣ್ಣ ಯಾವ ಬಸ್ಸಿಗೆ ಬರುತ್ತಾನೆ ಎಂದು ಅದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೋಗುವ ದಿನವನ್ನು ನಾವು ಯಾರೂ ಮಕ್ಕಳಿಗೆ ಮೊದಲೇ ತಿಳಿಸಿರಲಿಲ್ಲ.

ಹಾಗಾಗಿ ಈ ಸಲ ಮುಂಚಿತವಾಗಿಯೇ ಯೋಚಿಸುತ್ತಿದ್ದೇನೆ. ಮಳೆಗಾಲ ಶುರುವಾಗುವ ಹೊತ್ತಿಗೇ ಅವರು ಬರುತ್ತಿರುವುದರಿಂದ ವಾಸ, ಊಟ, ಆರೋಗ್ಯ ಇವುಗಳ ವ್ಯವಸ್ಥೆ ಹೇಗಿರಬೇಕು? ಅವರು ಮಾಂಸಾಹಾರ ಸೇವಿಸುವುದಿಲ್ಲವಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಶಾಲೆಯಲ್ಲಿ ಅವರಿಗೆ ಯಾವ ಕೆಲಸ ಕೊಟ್ಟರೆ ಮಕ್ಕಳಿಗೂ ಅವರಿಗೂ ನಿಜವಾಗಿ ಉಪಯೋಗವಾದೀತು? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಶಿಕ್ಷಕ, ಮಡಿಕೇರಿ ತಾಲ್ಲೂಕು

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಅನುಕೂಲಗಳೆಲ್ಲ ಇದ್ದು ಕೆಲಸವೊಂದು ಸರಿಯಾಗಿ ಗೊತ್ತಾಗದಿದ್ದರೆ ಬಂದವರು ಎರಡನೆಯ ತಿಂಗಳಲ್ಲೇ ಬೇಸರಕ್ಕೆ ಬೀಳುತ್ತಾರೆ. ನಾನು ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಇಬ್ಬರು ವಿದೇಶಿ ಸ್ವಯಂಸೇವಕರು ಬೇರೆ ಬೇರೆ ಅವಧಿಯಲ್ಲಿ ಇದ್ದರು. ಮೊದಲನೆಯವರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ: ಶಿಕ್ಷಕರ ಕೊರತೆಯಿತ್ತು ಎಂಬ ಕಾರಣಕ್ಕೆ ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಟ್ಟಿಗೆ ಅವರ ಕೈಗೆ ಒಪ್ಪಿಸಿ ನಾನು ಕಚೇರಿಯ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಅವರಿಗೆ ಕನ್ನಡ ಬಾರದು, ಮಕ್ಕಳಿಗೆ ಇಂಗ್ಲಿಷ್ ಬಾರದು; ನಡುವೆ ನಿಂತು ಎರಡನ್ನೂ ಬೆಸೆಯಬೇಕಾಗಿದ್ದ ನಾನು ಅಲ್ಲಿರಲಿಲ್ಲ. ಹದಿನೈದು ದಿನದಲ್ಲಿ ತರಗತಿಯೇ ಕೈತಪ್ಪಿತು. ಅದು ಅವರ ತಪ್ಪಲ್ಲ.

ಎರಡನೆಯವರು 2019ರ ಮಳೆಗಾಲದಲ್ಲಿ ಬಂದರು. ಅವರಿಗೆ ನಾನು ಸ್ವತಂತ್ರವಾಗಿ ಯಾವ ತರಗತಿಯನ್ನೂ ಕೊಡಲಿಲ್ಲ. ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಕೊಠಡಿಯಲ್ಲಿ ನಮ್ಮ ಶಿಕ್ಷಕಿಯ ಜೊತೆಗೆ ಕೂರಿಸಿದೆ. ಆ ಪದ್ಧತಿ 1995ರಲ್ಲಿ ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದದ್ದು ಎಂಬುದು ನಿಮಗೆ ತಿಳಿದೇ ಇದೆ. ಮಕ್ಕಳು ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿಗೆ ತಕ್ಕ ಕಾರ್ಡು ತೆಗೆದುಕೊಂಡು ಗುಂಪುಗಳಲ್ಲಿ ಕೂರುತ್ತಾರಲ್ಲ, ಅದರಲ್ಲಿ ಶಿಕ್ಷಕರ ಪೂರ್ಣ ನೆರವು ಬೇಕಾದ ಗುಂಪಿನಲ್ಲಿ ಟೀಚರ್ ಇರುವಷ್ಟು ಹೊತ್ತು ಉಳಿದ ಗುಂಪುಗಳನ್ನು ನೋಡಿಕೊಳ್ಳಲು ಇನ್ನೊಬ್ಬ ಹಿರಿಯರಿದ್ದರೆ ಎಷ್ಟೋ ಹಗುರ. ಚಿತ್ರ ತೋರಿಸಿ ಹೆಸರು ಹೇಳಿಸುವುದು, ಎಣಿಕೆ ಕಡ್ಡಿ ಎಣಿಸುವುದು, ಕಾರ್ಡು ಮುಗಿಸಿದ ಮಗುವನ್ನು ಪ್ರಗತಿ ನೋಟದ ಪಟ್ಟಿಯ ಬಳಿಗೆ ಕರೆದೊಯ್ಯುವುದು, ಇಷ್ಟು ಕೆಲಸಕ್ಕೆ ಹೆಚ್ಚು ಭಾಷೆ ಬೇಕಾಗುವುದಿಲ್ಲ.

ಇನ್ನೊಂದು ವಿಷಯ ನಾನು ಯೋಜಿಸಿ ಮಾಡಿದ್ದಲ್ಲ, ತಾನಾಗಿ ಆದದ್ದು. ಆಕೆ ಮಕ್ಕಳ ಜೊತೆಗೇ ಕನ್ನಡ ಅಕ್ಷರ ಕಲಿಯತೊಡಗಿದರು. ‘ಳ’ ಅವರ ನಾಲಿಗೆಗೆ ಬರುತ್ತಿರಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ಹೆಂಚಿನ ಮೇಲೆ ಮಳೆ ಜೋರಾಗಿ ಬೀಳುತ್ತಿದ್ದಾಗ ಅವರು ಕಿಟಕಿಯತ್ತ ಕೈತೋರಿಸಿ, ‘ಮಲೆ ಬರುತ್ತಿದೆ’ ಎಂದರು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನು ಮಕ್ಕಂದೂರಿನ ಕಡೆಯವನು. 2018ರ ಆಗಸ್ಟ್‌ನಲ್ಲಿ ಅವನ ಮನೆಯ ಹಿಂದಿನ ಗುಡ್ಡ ನಿಜವಾಗಿಯೂ ಬಂದಿತ್ತು, ಅದಾದ ಮೇಲೆ ಪರಿಹಾರ ಕೇಂದ್ರ, ಬಾಡಿಗೆ ಮನೆ ಎಂದು ಅಲೆದು ನಮ್ಮ ಶಾಲೆಗೆ ಸೇರಿದ್ದ. ಸಂಜೆ ನಾನು ಆಕೆಗೆ ಮಲೆ ಎಂದರೆ ಬೆಟ್ಟ ಎಂದು ಬಿಡಿಸಿ ಹೇಳಿ, ಆ ವರ್ಷದ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ಅವರು ಆ ಹುಡುಗನ ಪಕ್ಕದಲ್ಲೇ ಕುಳಿತು, ‘ಳ’ ಹೇಳಿಕೊಡು ಎಂದು ಕೇಳಿದರು. ವರ್ಷಪೂರ್ತಿ ಒಂದು ಮಾತಿಗೆ ಒಂದೇ ಪದದ ಉತ್ತರ ಕೊಡುತ್ತಿದ್ದ ಹುಡುಗ ಬಾಯಿ ತೆರೆದು, ನಾಲಿಗೆಯನ್ನು ಮೇಲಕ್ಕೆ ಮಡಚಿ, ಬೆರಳಿನಿಂದ ಮುಟ್ಟಿ ತೋರಿಸಿದ. ಮಳೆ, ಹೊಳೆ, ಬಾಳೆ, ಕೊಳಲು ಎಂದು ತಾನೇ ಪದಗಳನ್ನು ಹುಡುಕಿ ತಂದ. ಅಂದಿನಿಂದ ಅವನೇ ಅವರ ಕನ್ನಡದ ಮೇಷ್ಟ್ರು.

ನಿಮ್ಮ ಹಾಡಿಯ ಮಕ್ಕಳಿಗೂ ಇದು ಅನ್ವಯಿಸುತ್ತದೆ ಎಂದು ನನಗೆ ಅನಿಸುತ್ತದೆ. ಶಾಲೆಯಲ್ಲಿ ಎಲ್ಲರೂ ತಮಗಿಂತ ಚೆನ್ನಾಗಿ ಕನ್ನಡ ಬಲ್ಲವರೇ ಎಂದು ಅಂಜುವ ಮಗುವಿಗೆ, ತನಗಿಂತಲೂ ಕಡಿಮೆ ಬಲ್ಲ ಒಬ್ಬ ದೊಡ್ಡವರು ಸಿಕ್ಕರೆ ಅದರ ಬಾಯಿ ತೆರೆಯುತ್ತದೆ. ಎರವ ಭಾಷೆಯ ಹೆಸರುಗಳನ್ನೂ ಮಕ್ಕಳಿಂದಲೇ ಕೇಳಿ ಬರೆದುಕೊಳ್ಳಲು ಅವರಿಗೆ ಹೇಳಿ: ಗಿಡ, ಹಕ್ಕಿ, ಮೀನು, ಅಡುಗೆ ಪಾತ್ರೆ, ಇವುಗಳಿಂದ ಆರಂಭಿಸಬಹುದು. ಎಸ್‌ಡಿಎಂಸಿಯವರ ಇಂಗ್ಲಿಷ್ ಆಸೆಗೂ ಜಾಗ ಕೊಡಿ. ದಿನಕ್ಕೆ ಒಂದೇ ಅವಧಿ, ಆರು ಮತ್ತು ಏಳನೆಯ ತರಗತಿಗೆ, ಅದೂ ನಿಮ್ಮಲ್ಲಿ ಒಬ್ಬರು ಕೊಠಡಿಯಲ್ಲಿ ಇರುವಾಗ. ಅವರು ಹೋದ ಮೇಲೆ ಆ ಪಾಠವನ್ನು ಮುಂದುವರಿಸಬೇಕಾದವರು ನೀವೇ ಆಗಿರುವುದರಿಂದ, ಅವರು ಬಳಸಿದ ಚಟುವಟಿಕೆಗಳು ನಿಮ್ಮ ಕೈಗೆ ಬಂದಿರಬೇಕು.

ಉತ್ತರ 2: ಭಾಗಮಂಡಲದ ಕಡೆಯ ಗೃಹಿಣಿ

ಟೀಚರ್, ನಮ್ಮ ಮನೆಯಲ್ಲಿ ಇಂಗ್ಲೆಂಡಿನ ಹುಡುಗಿಯೊಬ್ಬಳು ಐದು ತಿಂಗಳು ಇದ್ದು ಹತ್ತಿರದ ಶಾಲೆಗೆ ಹೋಗಿ ಬರುತ್ತಿದ್ದಳು. ನಮ್ಮ ಮಗಳಂತೆಯೇ ಇದ್ದುದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಡೆ ನಮ್ಮಷ್ಟು ಮಳೆ ಇಲ್ಲದಿದ್ದರೂ ಜೂನ್‌ನಲ್ಲಿ ಬರುವವರಿಗೆ ಮೊದಲು ಎದುರಾಗುವುದು ಮಳೆಯೇ ಆದ್ದರಿಂದ ಮನೆಯ ಸಂಗತಿಗಳನ್ನು ಹೇಳುತ್ತೇನೆ.

ಒಬ್ಬಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಇರಿಸಬೇಡಿ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹೆಂಗಸರು ಮಕ್ಕಳಿರುವ ಮನೆಯೊಂದನ್ನು ನೋಡಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಹೀಗೆ ಆಗುತ್ತದೆ, ಮಗಳಿಂದ ಫೋನು ಬಾರದಿದ್ದರೆ ಗಾಬರಿಯಾಗಬೇಡಿ ಎಂದು ಅವರ ತಂದೆತಾಯಿಗೆ ಬರುವ ಮುಂಚೆಯೇ ತಿಳಿಸಿ. ನಾವು ತಿಳಿಸಿರಲಿಲ್ಲ, ನಾಲ್ಕನೆಯ ದಿನ ಸಿಗ್ನಲ್ ಬಂದಾಗ ಆ ತಾಯಿ ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಬಟ್ಟೆ ಒಣಗುವುದಿಲ್ಲ ಎಂಬುದು ಅವರಿಗೆ ನಂಬಲು ಕಷ್ಟ. ಜೀನ್ಸ್ ಪ್ಯಾಂಟು ಒಂದು ವಾರವಾದರೂ ಒದ್ದೆಯೇ. ತೆಳುವಾದ, ಬೇಗ ಒಣಗುವ ಬಟ್ಟೆ ತರಲು ಹೇಳಿ. ಬಚ್ಚಲು ಮನೆಯ ಹಂಡೆಯ ಒಲೆಯ ಮೇಲ್ಭಾಗದಲ್ಲಿ ಒಂದು ಹಗ್ಗ ಕಟ್ಟಿಕೊಡಿ. ಹೊಗೆಯ ವಾಸನೆಗೆ ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಜಿಗಣೆಯ ವಿಷಯದಲ್ಲಿ ನಮ್ಮ ಹುಡುಗಿ ಮೊದಲ ದಿನ ಬೆವರಿಬಿಟ್ಟಿದ್ದಳು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಾಲುಚೀಲ ತೆಗೆದಾಗ ರಕ್ತ ಕಾಣುತ್ತದೆ, ಅದೂ ಒರೆಸಿದಷ್ಟೂ ಬರುತ್ತಲೇ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಜಿಗಣೆಯ ಎಂಜಲಿನಲ್ಲಿ ಇರುವುದರಿಂದ ಹೀಗಾಗುತ್ತದೆ, ಹೆದರಬೇಕಾದ ಗಾಯವಲ್ಲ ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು. ಶಾಲೆಯ ಮಕ್ಕಳು ಅವಳಿಗೆ ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಟ್ಟರು. ಗಂಟನ್ನು ಒದ್ದೆ ಮಾಡಿ ಜಿಗಣೆಗೆ ಮುಟ್ಟಿಸಿದರೆ ಸಾಕು, ಬಿಟ್ಟು ಬೀಳುತ್ತದೆ. ಆ ಕೋಲನ್ನು ಅವಳು ತರಗತಿಯ ಬಾಗಿಲ ಹಿಂದೆ ಒರಗಿಸಿ ಇಡುತ್ತಿದ್ದಳು, ಸಂಜೆ ಮನೆಗೆ ತರುತ್ತಿದ್ದಳು. ಎಳೆದು ಕೀಳಬಾರದು, ಕೆರೆಯಬಾರದು ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ.

ಊಟದ ಬಗ್ಗೆ ಚಿಂತೆ ಬೇಡ. ಕೊಡಗಿಗೆ ಬಂದು ಮಾಂಸ ತಿನ್ನದಿದ್ದರೆ ಏನು ಬಡಿಸುವುದು ಎಂದು ನಮಗೂ ಮೊದಲು ಅನಿಸಿತ್ತು. ಆದರೆ ಮಳೆಗಾಲವೇ ಸೊಪ್ಪುಸದೆಯ ಕಾಲ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು ಇವುಗಳಿಗೆ ಕೆಸುವಿನ ಸೊಪ್ಪಿನ ಸಾರು, ಅಣಬೆ ಸಾರು, ಕಾಡುಮಾವಿನ ಹಣ್ಣಿನ ಸಾರು, ಹಲಸಿನ ಬೀಜ ಎಂದು ದಿನಕ್ಕೊಂದು ಮಾಡಬಹುದು. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದ ಮೇಲೆಯೇ ಬೇಯಿಸಿ ಕೊಡಿ, ಮೊದಲ ಸಲ ಸ್ವಲ್ಪವೇ ಕೊಡಿ. ಮಧ್ಯಾಹ್ನ ಶಾಲೆಯ ಬಿಸಿಯೂಟವನ್ನೇ ಮಕ್ಕಳ ಸಾಲಿನಲ್ಲಿ ಕುಳಿತು ಊಟ ಮಾಡಲಿ. ಮೊಟ್ಟೆಯ ದಿನ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇರುತ್ತದೆ. ನೀರನ್ನು ಮಾತ್ರ ಕುದಿಸಿ ಆರಿಸಿ ಬಾಟಲಿಗೆ ತುಂಬಿಸಿ ಕಳುಹಿಸಿ, ಎಷ್ಟೇ ಸ್ವಚ್ಛವಾದ ಬಾವಿಯಾದರೂ ಸರಿ.

ಒಂದು ಘಟನೆ ಹೇಳದಿದ್ದರೆ ನಿಮಗೂ ಅದೇ ಆದೀತು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ) ಬರುತ್ತದಲ್ಲ, ಅಂದು ಎಲ್ಲರ ಮನೆಯಂತೆ ನಮ್ಮಲ್ಲೂ ಮದ್ದು ಸೊಪ್ಪಿನ ಪಾಯಸ ಮಾಡಿದೆವು. ಆ ನೇರಳೆ ಬಣ್ಣ, ಆ ಪರಿಮಳ ಎರಡೂ ಅವಳಿಗೆ ಬಹಳ ಇಷ್ಟವಾಗಿ ಎರಡು ಬಟ್ಟಲು ತಿಂದಳು. ರಾತ್ರಿ ಬಚ್ಚಲು ಮನೆಯಿಂದ ಬಿಳಿಚಿಕೊಂಡು ಬಂದು, ಆಂಟಿ, ನನಗೆ ಏನೋ ದೊಡ್ಡ ಕಾಯಿಲೆಯಾಗಿದೆ, ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದಳು. ಪಾಯಸ ತಿಂದವರಿಗೆಲ್ಲ ಹಾಗೆ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ ಎಂದು ಮೊದಲೇ ಹೇಳಬೇಕೆಂದು ನನಗೆ ನೆನಪೇ ಆಗಲಿಲ್ಲ, ನಮಗೆ ಅದು ಅಷ್ಟು ಸಹಜ. ನನ್ನ ಅತ್ತೆಯವರು ಎದ್ದು ಬಂದು, ಅವಳ ತಲೆ ಸವರಿ, ತಮಗೂ ಹಾಗೆಯೇ ಎಂದು ಹೇಳಿದ ಮೇಲೆಯೇ ಅವಳು ಮಲಗಿದ್ದು. ನಮಗೆ ಹುಟ್ಟಿನಿಂದ ರೂಢಿಯಾದದ್ದನ್ನೇ ನಾವು ಹೇಳಲು ಮರೆಯುತ್ತೇವೆ. ಹಾಗಾಗಿ ಮುಂದಿನ ವಾರ ಏನೇನಿದೆ ಎಂದು ಪ್ರತಿ ಭಾನುವಾರ ಅವಳ ಜೊತೆ ಕುಳಿತು ಮಾತನಾಡುವ ಪದ್ಧತಿಯನ್ನು ನಾವು ಅಲ್ಲಿಂದ ಮುಂದೆ ಇಟ್ಟುಕೊಂಡೆವು. ಕೈಲ್‌ಪೋಳ್ದ್, ಕಾವೇರಿ ಸಂಕ್ರಮಣ ಹಬ್ಬಗಳೆರಡೂ ನಿಮ್ಮವರ ಅವಧಿಯಲ್ಲೇ ಬರುತ್ತವೆ, ಸುಗ್ಗಿಯ ಹಬ್ಬವಾದ ಪುತ್ತರಿಯೂ ಈ ಸಲ ಬೇಗ ಬಂದರೆ ಸಿಕ್ಕೀತು. ಅವರನ್ನು ಅತಿಥಿಯಂತೆ ಕುರ್ಚಿಯಲ್ಲಿ ಕೂರಿಸದೆ ಕೆಲಸಕ್ಕೆ ಸೇರಿಸಿಕೊಳ್ಳಿ.

ಉತ್ತರ 3: ಕುಶಾಲನಗರದಿಂದ, ಸ್ವಯಂಸೇವಾ ಸಂಸ್ಥೆಯೊಂದರ ಉದ್ಯೋಗಿ

ಕಾಗದಪತ್ರದ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ಚಿಕ್ಕದಾಗಿ ಸೇರಿಸುತ್ತೇನೆ. ಪ್ರವಾಸಿ ವೀಸಾದಲ್ಲಿ ಬಂದವರು ಯಾವ ಸಂಭಾವನೆಯನ್ನೂ ಪಡೆಯದೆ ಒಂದು ತಿಂಗಳಿಗೆ ಮೀರದ ಸ್ವಯಂಸೇವೆಯನ್ನು ಮಾತ್ರ ಮಾಡಬಹುದು. ಆರು ತಿಂಗಳ ಕೆಲಸಕ್ಕೆ, ಸಂಬಳವಿಲ್ಲದಿದ್ದರೂ, ನೋಂದಾಯಿತ ಸಂಸ್ಥೆಯ ಆಹ್ವಾನದ ಮೇಲೆ ಉದ್ಯೋಗ ವೀಸಾ ಪಡೆಯಬೇಕಾಗುತ್ತದೆ. ಕಳುಹಿಸುವ ಸಂಸ್ಥೆಯವರು ಯಾವ ವೀಸಾ ಮಾಡಿಸಿದ್ದಾರೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ಪ್ರತಿಯನ್ನೇ ತರಿಸಿಕೊಂಡು ನೋಡಿ. ಅವರು ತಂಗುವ ಮನೆಯವರು, ಅದು ಹೋಂಸ್ಟೇ ಅಲ್ಲದೆ ಸ್ವಂತ ಮನೆಯಾಗಿದ್ದರೂ, ಬಂದ 24 ಗಂಟೆಗಳೊಳಗೆ ವಿದೇಶಿಯರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ನಮ್ಮ ಕಡೆ ಇದನ್ನು ಸಿ ಫಾರಂ ಎಂದೇ ಕರೆಯುತ್ತಾರೆ. ಇದನ್ನು ಮರೆತರೆ ತೊಂದರೆಯಾಗುವುದು ಆಶ್ರಯ ಕೊಟ್ಟ ಮನೆಯವರಿಗೆ. ಠಾಣೆಗೂ ಒಮ್ಮೆ ಹೋಗಿ ತಿಳಿಸಿ ಬನ್ನಿ. ಬೈಲಕುಪ್ಪೆಯ ದೇವಾಲಯವನ್ನು ಹಗಲಿನಲ್ಲಿ ನೋಡಿ ಬರಬಹುದು, ಆದರೆ ಅಲ್ಲಿನ ಟಿಬೆಟನ್ ವಸಾಹತಿನಲ್ಲಿ ರಾತ್ರಿ ತಂಗಲು ವಿದೇಶಿಯರಿಗೆ ಪ್ರತ್ಯೇಕ ಅನುಮತಿ ಬೇಕು.

ಮತ್ತೊಂದು, ಇದು ಕಾಗದಕ್ಕಿಂತ ಮುಖ್ಯ: ಅವರ ದೇಶದ ಪೊಲೀಸರಿಂದ ನಡತೆ ಪ್ರಮಾಣಪತ್ರವನ್ನು ಸಂಸ್ಥೆಯ ಮೂಲಕ ಕೇಳಿ ಪಡೆಯಿರಿ. ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬಾರದು ಎಂಬ ಎರಡು ನಿಯಮಗಳನ್ನು ಮೊದಲ ದಿನವೇ ಬರೆದು ಸಹಿ ಹಾಕಿಸಿಕೊಳ್ಳಿ. ಒಳ್ಳೆಯ ಸ್ವಯಂಸೇವಕರು ಇದರಿಂದ ನೊಂದುಕೊಳ್ಳುವುದಿಲ್ಲ. ಲೈನ್ ಮನೆಯ ಮಗುವಿನ ಹರಿದ ಅಂಗಿಯ ಚಿತ್ರ ದೂರದ ದೇಶದಲ್ಲಿ ಯಾರದೋ ಕನಿಕರಕ್ಕೆ ವಸ್ತುವಾಗುವುದನ್ನು ನಾನು ಕಂಡಿದ್ದೇನೆ, ಅದರ ತಾಯಿ ಅದನ್ನು ಕಂಡಾಗ ಪಟ್ಟ ಸಂಕಟವನ್ನೂ ಕಂಡಿದ್ದೇನೆ.

ಪ್ರಶ್ನೆ ಕೇಳಿದ ಶಿಕ್ಷಕಿಯ ಮರುಮಾತು

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿ ಫಾರಂ ಬಗ್ಗೆ ನನಗೆ ಗೊತ್ತೇ ಇರಲಿಲ್ಲ; ವೀಸಾದ ಪ್ರತಿಯನ್ನು ಕಳುಹಿಸುವಂತೆ ಇಂದೇ ಸಂಸ್ಥೆಗೆ ಬರೆದಿದ್ದೇನೆ. ನಮ್ಮ ಬಿಸಿಯೂಟದ ಅಡುಗೆಯವರ ಮನೆಯಲ್ಲೇ ಒಂದು ಕೋಣೆ ಇದೆ, ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಶಾಲೆಗೆ ಅರ್ಧ ಕಿಲೋಮೀಟರು ದೂರ. ಅವರು ಸಂತೋಷದಿಂದ ಒಪ್ಪಿದ್ದಾರೆ. ಎಸ್‌ಡಿಎಂಸಿ ಸಭೆಯಲ್ಲಿ ನಲಿ-ಕಲಿ ಕೊಠಡಿಯ ವಿಚಾರವನ್ನು ಇಟ್ಟಾಗ ಮೊದಲು ಒಂದಿಬ್ಬರಿಗೆ ನಿರಾಸೆಯಾಯಿತು, ಆದರೆ ‘ಳ’ ಕಲಿಸಿದ ಹುಡುಗನ ಪ್ರಸಂಗವನ್ನು ಓದಿ ಹೇಳಿದಾಗ ಹಾಡಿಯಿಂದ ಬಂದ ಸದಸ್ಯೆಯೊಬ್ಬರು, ನಮ್ಮ ಮಕ್ಕಳೂ ಕಲಿಸುತ್ತಾರೆ, ನಾನೂ ಬಂದು ಕಲಿಸುತ್ತೇನೆ ಎಂದರು. ಆ ತಾಯಿ ಎರಡು ವರ್ಷದಲ್ಲಿ ಸಭೆಯಲ್ಲಿ ಮಾತನಾಡಿದ್ದು ಅದೇ ಮೊದಲು.

ಎರಡು ಸಂದೇಹಗಳು ಉಳಿದಿವೆ. ಜೂನ್ ಜುಲೈನಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಟಗಳಿಗೆ ಇಳಿಯುತ್ತವೆ. ಆ ಅರ್ಧ ಕಿಲೋಮೀಟರು ದಾರಿ ತೋಟದ ನಡುವೆಯೇ ಇದೆ. ಎರಡನೆಯದಾಗಿ, ನವೆಂಬರ್‌ನಲ್ಲಿ ಅವರು ಹೊರಡುವ ದಿನವನ್ನು ಮಕ್ಕಳಿಗೆ ಯಾವಾಗ, ಹೇಗೆ ಹೇಳಬೇಕು?

ಉತ್ತರ 4: ನಿವೃತ್ತ ಶಿಕ್ಷಕ, ಮಡಿಕೇರಿ ತಾಲ್ಲೂಕು

ಆನೆಯ ವಿಷಯದಲ್ಲಿ ನನಗಿಂತ ನಿಮ್ಮ ಹಾಡಿಯವರು ಹೆಚ್ಚು ಬಲ್ಲರು. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಹೊರಗೆ ಹೋಗಬಾರದು. ಹಗಲಿನಲ್ಲಿಯೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಬ್ಬರೇ ನಡೆಯಬಾರದು. ಹೊಸ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಹಿಂದಿರುಗಬೇಕು, ಫೋಟೊ ತೆಗೆಯಲು ನಿಲ್ಲಬಾರದು. ಬೆಳಿಗ್ಗೆ ಅಡುಗೆಯವರ ಜೊತೆಗೂ ಸಂಜೆ ಮಕ್ಕಳ ಗುಂಪಿನ ಜೊತೆಗೂ ನಡೆಯಲಿ. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯ ನಂಬರನ್ನು ಅವರ ಫೋನಿಗೆ ಹಾಕಿಕೊಡಿ.

ಹೊರಡುವ ದಿನವನ್ನು ಬಂದ ದಿನವೇ ಹೇಳಿ. ನಾವು ಎರಡನೆಯ ಸಲ ಹಾಗೆ ಮಾಡಿದೆವು. ತಿಂಗಳುಗಳನ್ನು ಕಲಿಸುವ ಪಾಠಕ್ಕೆಂದು ದೊಡ್ಡ ಹಾಳೆಯಲ್ಲಿ ಕ್ಯಾಲೆಂಡರ್ ಬರೆಸಿ, ಅಕ್ಕ ಬಂದ ದಿನಕ್ಕೊಂದು ಎಲೆಯ ಚಿತ್ರ, ಹೋಗುವ ದಿನಕ್ಕೊಂದು ಬಸ್ಸಿನ ಚಿತ್ರ ಅಂಟಿಸಿದೆವು. ಮಳೆ ರಜೆಯ ದಿನಗಳಿಗೆ ಮಕ್ಕಳು ನೀಲಿ ಬಣ್ಣ ತುಂಬಿದರು, ದಸರಾ ರಜೆಗೆ ಹಳದಿ. ಎಷ್ಟು ದಿನ ಉಳಿಯಿತು ಎಂದು ಕಳೆಯುವ ಲೆಕ್ಕವನ್ನು ಎರಡನೆಯ ತರಗತಿಯವರು ಆ ಹಾಳೆಯ ಮೇಲೆಯೇ ಕಲಿತರು. ಕೊನೆಯ ದಿನ ಅಳುವವರು ಅತ್ತರು, ಅದನ್ನು ತಡೆಯಲಾಗದು, ತಡೆಯಲೂ ಬಾರದು. ಆದರೆ ಸೋಮವಾರ ಗೇಟಿನ ಬಳಿ ಯಾರೂ ಕಾಯಲಿಲ್ಲ. ಆ ಹುಡುಗ ಮಾತ್ರ ಪ್ರಾರ್ಥನೆ ಮುಗಿದ ಕೂಡಲೇ ಹಾಳೆಯ ಬಳಿಗೆ ಹೋಗಿ, ಬಸ್ಸಿನ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ದೊಡ್ಡದಾಗಿ ‘ಳ’ ಎಂದು ಬರೆದು ಬಂದು ತನ್ನ ಗುಂಪಿನಲ್ಲಿ ಕುಳಿತ.